ಗುಂಡಿಗೆ ಬಿದ್ದ ಟಯರ್: ಬದಲಿಸಬೇಕೇ, ಬೇಡವೇ?

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಡಿದಂದಿನಿಂದ ನಿಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಕೊಡಗಿನ ರಸ್ತೆಗುಂಡಿಗಳ ಕುರಿತು ಪತ್ರಗಳು ಬರುತ್ತಲೇ ಇವೆ. ಅವುಗಳಲ್ಲಿ ಇಲಾಖೆಯನ್ನೂ ಗುತ್ತಿಗೆದಾರರನ್ನೂ ತರಾಟೆಗೆ ತೆಗೆದುಕೊಳ್ಳುವ ಮಾತು ಧಾರಾಳವಾಗಿದೆ. ಅದು ನ್ಯಾಯವೂ ಹೌದು. ಆದರೆ ಚಕ್ರ ಗುಂಡಿಗೆ ಇಳಿದು ಧಡಾರನೆ ಸದ್ದಾಗಿ, ಕಾರು ಹೇಗೋ ಮೇಲೆದ್ದು ಮುಂದೆ ಸಾಗಿದ ಮೇಲೆ ಆ ಟಯರನ್ನು ಉಳಿಸಿಕೊಳ್ಳಬಹುದೇ, ಬದಲಿಸಲೇಬೇಕೇ ಎಂಬುದರ ಬಗ್ಗೆ ಯಾರೂ ಬರೆದಂತಿಲ್ಲ. ಕಾಫಿ ತೋಟವೊಂದರ ಜೀಪು, ಪಿಕಪ್ ಮತ್ತು ಕಾರುಗಳ ಉಸ್ತುವಾರಿಯನ್ನು ಬಹಳ ವರ್ಷ ನೋಡಿಕೊಂಡವನು ನಾನು. ಆ ಅನುಭವದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ತುಸು ದೀರ್ಘವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಮ್ಮ ಊರುಗಳಲ್ಲಿ ಈ ತೀರ್ಮಾನ ಆಗುವ ಬಗೆ ಬಹಳ ಸರಳ. ಕಾರಿನಿಂದಿಳಿದು ಟಯರಿಗೆ ಕಾಲಿನಿಂದ ಒಂದು ಒದೆ ಕೊಟ್ಟು, ಗಾಳಿ ನಿಂತಿದೆಯೆಂದು ಖಚಿತವಾದರೆ ಹೊರಟುಬಿಡುತ್ತೇವೆ. ಗಾಳಿ ನಿಲ್ಲದಿದ್ದರೆ ಪಂಕ್ಚರ್ ಅಂಗಡಿಯವರು ಹೇಳಿದ್ದೇ ಅಂತಿಮ. ಇದರ ಫಲವಾಗಿ, ಕೂಡಲೇ ತೆಗೆದುಹಾಕಬೇಕಾದ ಟಯರು ಗಾಳಿ ಹಿಡಿದುಕೊಂಡಿದೆ ಎಂಬ ಒಂದೇ ಕಾರಣಕ್ಕೆ ತಿಂಗಳುಗಟ್ಟಲೆ ಓಡುತ್ತದೆ. ರಿಮ್ಮಿನ ಅಂಚು ಮಡಿಚಿ ಗಾಳಿ ಸೋರುತ್ತಿರುವ, ತನ್ನಲ್ಲಿ ಯಾವ ದೋಷವೂ ಇಲ್ಲದ ಟಯರು ಗುಜರಿಗೆ ಹೋಗುತ್ತದೆ. ಗಾಳಿ ನಿಂತಿರುವುದು ಟಯರಿನ ಒಳಗಿನ ತೆಳು ರಬ್ಬರಿನ ಪದರ ಇನ್ನೂ ಹರಿದಿಲ್ಲ ಎಂಬುದನ್ನಷ್ಟೇ ತೋರಿಸುತ್ತದೆ. ಕಾರಿನ ಭಾರ ಹೊರುವುದು ಆ ಪದರವಲ್ಲ.

ಈಗಿನ ಕಾರುಗಳ ರೇಡಿಯಲ್ ಟಯರಿನಲ್ಲಿ ನೆಲಕ್ಕೆ ತಾಗುವ ಭಾಗದ ಅಡಿಯಲ್ಲಿ ಉಕ್ಕಿನ ತಂತಿಗಳ ಪಟ್ಟಿಗಳಿರುತ್ತವೆ. ಆದ್ದರಿಂದ ಆ ಭಾಗ ಮೊಳೆ, ಜಲ್ಲಿ ಎಲ್ಲವನ್ನೂ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ಪಕ್ಕದ ಭಾಗದಲ್ಲಿ, ಅಂದರೆ ಸೈಡ್‌ವಾಲಿನಲ್ಲಿ, ಉಕ್ಕಿನ ಪಟ್ಟಿಗಳಿಲ್ಲ. ಸಾಮಾನ್ಯವಾಗಿ ಪಾಲಿಯೆಸ್ಟರ್ ನೂಲಿನ ಒಂದೆರಡು ಪದರಗಳು ಮಾತ್ರ ರಿಮ್ಮಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಾದಿರುತ್ತವೆ. ಚಕ್ರ ಗುಂಡಿಯ ಆಚೆ ಬದಿಯ ಅಂಚಿಗೆ ಬಡಿದಾಗ ಈ ಸೈಡ್‌ವಾಲು ರಿಮ್ಮಿಗೂ ಡಾಂಬರಿನ ಅಂಚಿಗೂ ನಡುವೆ, ಬಾಗಿಲ ಸಂದಿಗೆ ಬೆರಳು ಸಿಕ್ಕಂತೆ ಸಿಕ್ಕಿಕೊಳ್ಳುತ್ತದೆ. ಮೇಲಿನ ರಬ್ಬರಿನಲ್ಲಿ ಗೀರೂ ಕಾಣದಿರಬಹುದು, ಒಳಗಿನ ನೂಲು ಮಾತ್ರ ತುಂಡಾಗಿರುತ್ತದೆ. ತುಂಡಾದ ಜಾಗದಲ್ಲಿ ಗಾಳಿಯ ಒತ್ತಡವನ್ನು ತಡೆಯಲು ಬರೀ ರಬ್ಬರು ಉಳಿದಿರುವುದರಿಂದ ಅದು ಹೊರಕ್ಕೆ ಉಬ್ಬುತ್ತದೆ. ನಿಂಬೆಹಣ್ಣಿನಷ್ಟಿರಲಿ, ಅದರ ಅರ್ಧದಷ್ಟೇ ಇರಲಿ, ಈ ಉಬ್ಬಿಗೆ ರಿಪೇರಿ ಎಂಬುದಿಲ್ಲ. ಒಳಗಿನಿಂದ ಪ್ಯಾಚ್ ಅಂಟಿಸಿದರೂ, ಹಳೆಯ ಟಯರಿನ ತುಂಡು ಕತ್ತರಿಸಿ ಗೇಟರ್ ಕೂರಿಸಿದರೂ ತುಂಡಾದ ನೂಲು ಕೂಡಿಕೊಳ್ಳುವುದಿಲ್ಲ.

ಉಬ್ಬು ಆ ಕ್ಷಣದಲ್ಲೇ ಕಾಣಿಸಿಕೊಳ್ಳಬೇಕೆಂದೇನೂ ಇಲ್ಲ. ಪೆಟ್ಟು ತಿಂದ ಕೆಲವು ದಿನ, ಕೆಲವೊಮ್ಮೆ ವಾರಗಳ ನಂತರ ಅದು ಮೇಲೆ ಬರುವುದುಂಟು. ಜತೆಗೆ ಅದು ಹೊರಗಿನ ಮೈಯಲ್ಲೇ ಇರಬೇಕೆಂದಿಲ್ಲ. ಚಕ್ರದ ಒಳಮೈಯಲ್ಲಿ, ಬ್ರೇಕ್ ಮತ್ತು ಸಸ್ಪೆನ್ಷನ್ ಇರುವ ಕಡೆಗೆ ಮುಖ ಮಾಡಿ ಉಬ್ಬಿದ್ದರೆ ನಿಂತು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಸುಂಟಿಕೊಪ್ಪದ ಪಂಕ್ಚರ್ ಅಂಗಡಿಯಲ್ಲಿ ಒಬ್ಬ ಹುಡುಗ ಇದನ್ನು ಪತ್ತೆ ಹಚ್ಚುವ ರೀತಿಯನ್ನು ನೋಡಿದ್ದೇನೆ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿಯುವ ಮೊದಲು ಅಂಗೈಯನ್ನು ಟಯರಿನ ಒಳಮೈ ಮೇಲೆ ನಿಧಾನವಾಗಿ ಸುತ್ತ ಸವರುತ್ತಾನೆ. ಕೈ ಎಲ್ಲಿ ಏರಿತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಟಯರನ್ನು ರಿಮ್ಮಿನಿಂದ ಬಿಡಿಸುತ್ತಾನೆ. ಆಗ ಒಳಗೆ ಅದೇ ಜಾಗದಲ್ಲಿ ಬೆರಳುದ್ದದ ಸೀಳು ಗೆರೆಯೊಂದು ಕಾಣುತ್ತದೆ, ಕೆಲವೊಮ್ಮೆ ಅದರಿಂದ ನೂಲಿನ ಎಳೆಗಳು ಹೊರಚಾಚಿರುತ್ತವೆ. ಟಯರು ಕಡಿಮೆ ಗಾಳಿಯಲ್ಲಿ ಬಹಳ ದೂರ ಓಡಿದ್ದರೆ ಒಳಗೆ ಕಪ್ಪು ರಬ್ಬರಿನ ಪುಡಿಯೂ ಉದುರಿರುತ್ತದೆ. ಆ ಪುಡಿ ಕಂಡರೆ ಹೊರಗೆ ಉಬ್ಬಿರಲಿ, ಇಲ್ಲದಿರಲಿ, ಆ ಟಯರಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು, ಏಕೆಂದರೆ ಸೈಡ್‌ವಾಲು ಒಳಗಿನಿಂದಲೇ ಅರೆದುಹೋಗಿದೆ.

ಇದಕ್ಕೆ ತದ್ವಿರುದ್ಧವಾದ ಒಂದು ತಪ್ಪು ತಿಳಿವಳಿಕೆಯೂ ನಮ್ಮಲ್ಲಿದೆ, ಅದರಿಂದ ಜನರ ಹಣ ಹಾಳಾಗುತ್ತಿದೆ. ಸೈಡ್‌ವಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಸಣ್ಣ ತಗ್ಗಿನಂಥ ಗೆರೆ, ಅಂದರೆ ಹೊರಕ್ಕೆ ಉಬ್ಬದೆ ಒಳಕ್ಕೆ ಸರಿದ ಜಾಗ, ಎಷ್ಟೋ ರೇಡಿಯಲ್ ಟಯರುಗಳಲ್ಲಿ ಹೊಸದಾಗಿದ್ದಾಗಲೇ ಇರುತ್ತದೆ. ನೂಲಿನ ಪದರದ ಎರಡು ತುದಿಗಳು ಒಂದರ ಮೇಲೊಂದು ಕೂಡುವ ಕಡೆ ನೂಲು ಇಮ್ಮಡಿಯಾಗಿ, ಆ ಭಾಗ ಗಾಳಿಗೆ ಕಡಿಮೆ ಹಿಗ್ಗುವುದರಿಂದ ಹೀಗಾಗುತ್ತದೆ. ಅದು ದುರ್ಬಲ ಜಾಗವಲ್ಲ. ಇದನ್ನು ತೋರಿಸಿ 'ಟಯರ್ ಹೋಗಿದೆ ಸಾರ್, ನಾಲ್ಕೂ ಹಾಕಿಸಿಬಿಡಿ' ಎಂದು ಹೆದರಿಸಿ ಮಾರಿದ ಉದಾಹರಣೆ ನನ್ನ ಪರಿಚಿತರಲ್ಲೇ ಇದೆ. ಹೊರಕ್ಕೆ ಬಂದದ್ದು ಅಪಾಯ, ಒಳಕ್ಕೆ ಹೋದದ್ದು ಬಹುಪಾಲು ನಿರಪಾಯ ಎಂಬಷ್ಟು ತಿಳಿದಿದ್ದರೂ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ.

ರಬ್ಬರು ಕಿತ್ತುಬಂದ ಗಾಯಗಳ ವಿಷಯದಲ್ಲಿ ನೂಲೇ ಪ್ರಮಾಣ. ರಿಮ್ಮಿನ ಪಕ್ಕದ ದಪ್ಪ ರಬ್ಬರು ಕಲ್ಲಿಗೆ ಉಜ್ಜಿ ಸಿಪ್ಪೆ ಎದ್ದಿದ್ದರೆ ಚಿಂತೆಯಿಲ್ಲ. ಸೀಳಿನ ತುಟಿಗಳನ್ನು ಬಿಡಿಸಿದಾಗ ಒಳಗೆ ನೂಲು ಕಂಡರೆ, ಅದು ತುಂಡಾಗಿರದಿದ್ದರೂ ಸಹ, ಆ ಟಯರನ್ನು ಬಿಡಬೇಕು. ಮಳೆಯಲ್ಲಿ ಸೀಳಿನೊಳಕ್ಕೆ ಸೇರುವ ನೀರು ಮತ್ತು ಮರಳು ಉಳಿದ ಕೆಲಸವನ್ನು ಮುಗಿಸುತ್ತವೆ. ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದ ತೂತು ಸುಮಾರು 6 ಮಿಲಿಮೀಟರಿನೊಳಗಿದ್ದರೆ ರಿಪೇರಿ ಸಾಧ್ಯ. ಅದೇ ತೂತು ಸೈಡ್‌ವಾಲಿನಲ್ಲಿದ್ದರೆ ಎಷ್ಟು ಚಿಕ್ಕದಾದರೂ ಸಾಧ್ಯವಿಲ್ಲ.

ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಮೊದಲು ರಿಮ್ಮನ್ನು ಶಂಕಿಸುವುದು ಒಳ್ಳೆಯದು. ಟ್ಯೂಬ್‌ಲೆಸ್ ಟಯರಿನಲ್ಲಿ ಗಾಳಿ ನಿಲ್ಲುವುದೇ ಟಯರಿನ ಅಂಚು ರಿಮ್ಮಿಗೆ ಒತ್ತಿ ಕೂತಿರುವುದರಿಂದ. ರಿಮ್ಮು ಸ್ವಲ್ಪ ಮಡಿಚಿದರೂ ಅಲ್ಲಿಂದ ಗಾಳಿ ಸೋರುತ್ತದೆ, ಸೋಪಿನ ನೀರು ಬಳಿದರೆ ಗುಳ್ಳೆ ಏಳುತ್ತದೆ. ಉಕ್ಕಿನ ರಿಮ್ಮಾದರೆ ಬಡಿದು ಸರಿಪಡಿಸಬಹುದು. ಅಲಾಯ್ ರಿಮ್ಮಿನಲ್ಲಿ ಬಿರುಕು ಬಿಟ್ಟಿದ್ದರೆ ಅದನ್ನು ಬೆಸುಗೆ ಹಾಕಿಸಿ ಘಾಟಿ ಇಳಿಯುವುದಕ್ಕಿಂತ ರಿಮ್ಮು ಬದಲಿಸುವುದೇ ಕ್ಷೇಮ. ಪೆಟ್ಟಿನ ನಂತರ ಕಾರು ಒಂದು ಬದಿಗೆ ಎಳೆಯುತ್ತಿದ್ದರೆ, ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿ ನಿಂತರೆ, ಅದು ಬಹುಪಾಲು ಅಲೈನ್‌ಮೆಂಟಿನ, ಅಂದರೆ ಚಕ್ರಗಳು ನಿಂತಿರುವ ಕೋನದ, ದೋಷ. ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವ ಕೆಲಸ, ಮಾಡಿಸಿ ನೋಡಬೇಕು. ಅದಾದ ಮೇಲೂ ನಡುಕ ನಿಲ್ಲದೆ, ಜಾಕಿ ಹಾಕಿ ಚಕ್ರ ತಿರುಗಿಸಿದಾಗ ಟಯರಿನ ಮೇಲ್ಮೈ ಹಾವಿನಂತೆ ಅತ್ತಿತ್ತ ಓಲಾಡಿದರೆ ಆಗ ಒಳಗಿನ ಉಕ್ಕಿನ ಪಟ್ಟಿ ಸರಿದಿರುವ ಸಂಭವವಿದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. ನಾನು ಕಂಡ ಮಟ್ಟಿಗೆ ಇಲ್ಲಿ ಎಡಬದಿಯ ಟಯರುಗಳೇ ಹೆಚ್ಚು ಪೆಟ್ಟು ತಿನ್ನುತ್ತವೆ. ಸಿದ್ದಾಪುರ, ಪಾಲಿಬೆಟ್ಟ, ನಾಪೋಕ್ಲು, ಸೋಮವಾರಪೇಟೆ ಕಡೆಯ ಒಳರಸ್ತೆಗಳಲ್ಲಿ ಎದುರಿನಿಂದ ಬಸ್ಸೋ ಮರದ ಲಾರಿಯೋ ಬಂದಾಗ ನಾವು ಎಡಚಕ್ರಗಳನ್ನು ಡಾಂಬರಿನಿಂದ ಕೆಳಗಿಳಿಸಿ ದಾರಿ ಬಿಡುತ್ತೇವೆ. ಮಳೆಯ ನೀರು ಚರಂಡಿಯಲ್ಲಿ ಹರಿಯದೆ ರಸ್ತೆಯಂಚಿನಲ್ಲೇ ಹರಿದು ಅಲ್ಲಿನ ಮಣ್ಣು ಕೊಚ್ಚಿಹೋಗಿರುವುದರಿಂದ ಡಾಂಬರಿನ ಅಂಚು ಒಂದು ಗೇಣು ಎತ್ತರದ ಮೆಟ್ಟಿಲಾಗಿ ನಿಂತಿರುತ್ತದೆ. ಇಳಿಯುವಾಗ ಅಷ್ಟೇನೂ ಆಗುವುದಿಲ್ಲ. ಮತ್ತೆ ರಸ್ತೆಗೆ ಹತ್ತುವಾಗ ಸ್ಟೀರಿಂಗನ್ನು ಓರೆಯಾಗಿ ತಿರುಗಿಸುವುದರಿಂದ ಆ ಚೂಪಾದ ಅಂಚು ಸೈಡ್‌ವಾಲನ್ನೇ ಉಜ್ಜುತ್ತದೆ, ಕೆಲವೊಮ್ಮೆ ಕೊಯ್ಯುತ್ತದೆ. ಗುಂಡಿಗಳನ್ನು ಜಲ್ಲಿ ಸುರಿದು ಮುಚ್ಚುವ ಲೋಕೋಪಯೋಗಿ ಇಲಾಖೆಯವರು ಈ ಅಂಚಿಗೂ ಎರಡು ಬುಟ್ಟಿ ಗಟ್ಟಿಮಣ್ಣು ಹಾಕಿ ದಮ್ಮಸ್ಸು ಮಾಡಿದರೆ ಎಷ್ಟೋ ಟಯರುಗಳು ಉಳಿಯುತ್ತವೆ. ಟಯರು ಪರೀಕ್ಷಿಸುವವರೂ ಎಡಬದಿಯಿಂದಲೇ ಆರಂಭಿಸಬೇಕು.

ಇನ್ನು ಕಾರನ್ನು ಚೆಂದಗಾಣಿಸುವ ಸಲುವಾಗಿ ದೊಡ್ಡ ಅಲಾಯ್ ರಿಮ್ಮು, ತೆಳು ಟಯರು ಹಾಕಿಸುವ ಗೀಳು ಯುವಕರಲ್ಲಿ ಹೆಚ್ಚಿದೆ. ಟಯರಿನ ಮೇಲೆ 165/80 ಆರ್ 14 ಎಂದು ಬರೆದಿದ್ದರೆ ಅದರ ಅಗಲ 165 ಮಿಲಿಮೀಟರ್, ಸೈಡ್‌ವಾಲಿನ ಎತ್ತರ ಅಗಲದ ಶೇ 80, ಅಂದರೆ 132 ಮಿಲಿಮೀಟರ್. ಇದರ ಬದಲು 195/55 ಆರ್ 16 ಹಾಕಿಸಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಸೈಡ್‌ವಾಲು 107 ಮಿಲಿಮೀಟರಿಗೆ ಇಳಿಯುತ್ತದೆ. ಗುಂಡಿಗೂ ರಿಮ್ಮಿಗೂ ನಡುವೆ ಇದ್ದ ಎರಡೂವರೆ ಸೆಂಟಿಮೀಟರ್ ರಕ್ಷಣೆಯನ್ನು ನಾವೇ ದುಡ್ಡು ಕೊಟ್ಟು ಕಳೆದುಕೊಂಡಂತಾಯಿತು. ಬೆಂಗಳೂರಿನ ರಿಂಗ್ ರಸ್ತೆಯಲ್ಲಿ ಅದು ಹೇಗೋ ನಡೆದೀತು, ಭಾಗಮಂಡಲದ ಮಳೆಗೆ ಅದು ಹೇಳಿಸಿದ್ದಲ್ಲ.

ಉಬ್ಬಿದ ಟಯರಿನಲ್ಲೇ ದಿನ ದೂಡುವವರ ವಾದವನ್ನು ನಾನು ಬಲ್ಲೆ. 'ಇಲ್ಲೇ ಗೋಣಿಕೊಪ್ಪಕ್ಕೆ, ವಿರಾಜಪೇಟೆಗೆ ಓಡಾಡುವುದು, ನಲವತ್ತರ ಮೇಲೆ ಓಡಿಸುವುದಿಲ್ಲ, ಏನೂ ಆಗುವುದಿಲ್ಲ' ಎನ್ನುತ್ತಾರೆ. ನಿಧಾನವಾಗಿ ಓಡಿದರೆ ಟಯರು ಕಡಿಮೆ ಬಿಸಿಯಾಗುತ್ತದೆ ಎಂಬುದು ನಿಜ, ಹಾಗಾಗಿಯೇ ಅದು ಇಲ್ಲಿ ಸಿಡಿಯದೆ ಉಳಿದಿರುತ್ತದೆ. ಆದರೆ ಕೊಡಗಿಗೆ ರೈಲಿಲ್ಲ. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆಯಾದರೆ, ಮದುವೆಗೆ ಜವಳಿ ತರಬೇಕಾದರೆ, ಮಕ್ಕಳನ್ನು ಕಾಲೇಜಿಗೆ ಸೇರಿಸಬೇಕಾದರೆ ಅದೇ ಕಾರಿನಲ್ಲಿ ಐದು ಜನ ಮತ್ತು ಸಾಮಾನು ತುಂಬಿಕೊಂಡು ಮೈಸೂರಿಗೋ ಮಂಗಳೂರಿಗೋ ಹೊರಡುತ್ತೇವೆ. ಮೈಸೂರು ದಾಟಿ ಬೆಂಗಳೂರಿನ ಹೆದ್ದಾರಿ ಹಿಡಿದರೆ ಗಂಟೆಗೆ 100 ಕಿಲೋಮೀಟರ್ ವೇಗದ ಮಿತಿಯಿದೆ, ಬಿಸಿಲಿದೆ, ಕಾರು ತುಂಬಿದೆ. ಟಯರು ಪ್ರತಿ ಸುತ್ತಿನಲ್ಲೂ ಆ ಉಬ್ಬಿನ ಜಾಗದಲ್ಲಿ ಮಡಿಚಿ ಬಿಚ್ಚಿಕೊಳ್ಳುತ್ತಾ ಬಿಸಿಯೇರುತ್ತದೆ. ಇತ್ತ ಸಂಪಾಜೆ ಘಾಟಿಯಲ್ಲಾದರೆ ತಿರುವಿನ ಹೊರಬದಿಯ ಚಕ್ರದ ಮೇಲೆಯೇ ಕಾರಿನ ಭಾರ ವಾಲುತ್ತದೆ. ಮಾಕುಟ್ಟದ ಇಳಿಜಾರಿನಲ್ಲಿ ಸಿಡಿದರೆ ಕಾರು ನಿಲ್ಲಿಸಲು ಸಮತಟ್ಟಾದ ಜಾಗವೇ ಸಿಗುವುದಿಲ್ಲ. ಊರೊಳಗೆ ಮಾತ್ರ ಓಡುವ ಕಾರು ಎಂಬುದು ನಮ್ಮ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ, ಆದರೆ ಅದನ್ನು ಓದಿದವರು ವಿರಳ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದ ಪ್ರಕಾರ ಸವೆತದಿಂದಲೋ ಸೀಳಿನಿಂದಲೋ ಒಳಗಿನ ನೂಲು ಹೊರಗೆ ಕಾಣುವ ಟಯರು, ಒಂದು ಕಡೆ ಆಕಾರಗೆಟ್ಟು ಅಥವಾ ಊದಿಕೊಂಡು ಕೆಡುವ ಸೂಚನೆ ತೋರುತ್ತಿರುವ ಟಯರು ಸುಸ್ಥಿತಿಯಲ್ಲಿರುವ ಟಯರೆನಿಸುವುದಿಲ್ಲ. ಕಾರುಗಳಿಗೆ ಟಯರಿನ ನೆಲಕ್ಕೆ ತಾಗುವ ಭಾಗದ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬುದೂ ಅದೇ ನಿಯಮದಲ್ಲಿದೆ. ರಸ್ತೆ ಕೆಡಿಸಿದವರ ಹೊಣೆಯ ಬಗ್ಗೆ ಕೇಳುವುದಾದರೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 198ಎ ಕಲಮು ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದ ಅಧಿಕಾರಿ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೆ ಅದು ಅನ್ವಯವಾಗುವುದು ಸಾವು ಅಥವಾ ಅಂಗವೈಕಲ್ಯ ಸಂಭವಿಸಿದಾಗ. ಟಯರು ಹರಿದದ್ದಕ್ಕೆ ಅದರಿಂದ ಚಿಕ್ಕಾಸೂ ಸಿಗದು.

ವಿಮೆಯನ್ನು ನಂಬಿಕೊಂಡವರೂ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಬೇಕು. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಟಯರಿಗೆ ಮಾತ್ರ ಆದ ಹಾನಿಗೆ ಪರಿಹಾರವಿಲ್ಲ. ಅದೇ ಅಪಘಾತದಲ್ಲಿ ವಾಹನಕ್ಕೂ ಹಾನಿಯಾಗಿದ್ದರೆ ಟಯರಿನ ಬೆಲೆಯ ಶೇ 50ರಷ್ಟಕ್ಕೆ ಕಂಪನಿಯ ಹೊಣೆ ಸೀಮಿತ. ಟಯರಿಗೆಂದೇ ಹೆಚ್ಚುವರಿ ಕಂತು ಕಟ್ಟಿ ಪಡೆಯುವ ರಕ್ಷಣೆ ಬೇರೆ ಇದೆ, ಅದನ್ನು ಪಡೆದಿದ್ದರೆ ಗುಂಡಿಯ ಮತ್ತು ಟಯರಿನ ಫೋಟೋವನ್ನು ಸ್ಥಳದಲ್ಲೇ ತೆಗೆದಿಟ್ಟುಕೊಳ್ಳುವುದು ಲೇಸು.

ಬದಲಿಸುವುದೆಂದು ನಿಶ್ಚಯವಾದ ಮೇಲೆ ಏಳುವ ಪ್ರಶ್ನೆ ಒಂದೇ ಸಾಕೋ, ಎರಡು ಬೇಕೋ ಎಂಬುದು. ಅದೇ ಅಚ್ಚಿನ (ಆಕ್ಸಲ್ಲಿನ) ಇನ್ನೊಂದು ಬದಿಯ ಟಯರು ಹೆಚ್ಚು ಸವೆದಿಲ್ಲದಿದ್ದರೆ ಒಂದು ಸಾಕು. ಹೊಸ ಟಯರಿನ ಗೆರೆ ಸುಮಾರು 8 ಮಿಲಿಮೀಟರ್ ಆಳವಿರುತ್ತದೆ, ಹಳೆಯದು ಅದರ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಜೋಡಿಯಾಗಿ ಬದಲಿಸುವುದೇ ಸರಿ. ಇಲ್ಲವಾದರೆ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಎಡಕ್ಕೂ ಬಲಕ್ಕೂ ಹಿಡಿತ ಬೇರೆ ಬೇರೆಯಾಗುತ್ತದೆ. ಹೊಸ ಜೋಡಿಯನ್ನು ಹಿಂದಿನ ಅಚ್ಚಿಗೆ ಹಾಕಬೇಕೆಂದು ಟಯರು ತಯಾರಕರು ಹೇಳುತ್ತಾರೆ. ಎಂಜಿನ್ ಮುಂದಿದೆ, ಎಳೆಯುವ ಚಕ್ರವೂ ಮುಂದಿನದೇ, ಹೊಸದು ಹಿಂದೇಕೆ ಎಂದು ನಮ್ಮ ಮೆಕ್ಯಾನಿಕ್‌ಗಳು ನಗುತ್ತಾರೆ. ಮುಂದಿನ ಚಕ್ರ ನೀರಿನಲ್ಲಿ ಜಾರಿದರೆ ಚಾಲಕನಿಗೆ ಸ್ಟೀರಿಂಗಿನಲ್ಲಿ ಅದು ತಿಳಿಯುತ್ತದೆ, ವೇಗ ಇಳಿಸಿ ಸಾವರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆದೇ ತಿಳಿಯುವುದು. ಮಡಿಕೇರಿಯ ಮಂಜು ಮಳೆಯಲ್ಲಿ ಓಡಿಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಖರ್ಚು ತಗ್ಗಿಸುವ ಒಂದು ದಾರಿಯೆಂದರೆ ಸ್ಟೆಪ್ನಿ. ಡಿಕ್ಕಿಯಲ್ಲಿರುವ ಸ್ಟೆಪ್ನಿ ಅದೇ ಅಳತೆಯದಾಗಿದ್ದು ಬಳಸದೇ ಉಳಿದಿದ್ದರೆ, ಒಂದೇ ಹೊಸ ಟಯರು ಕೊಂಡು ಇವೆರಡನ್ನು ಜೋಡಿ ಮಾಡಬಹುದು, ಕಳಚಿದ ಒಳ್ಳೆಯ ಹಳೆಯ ಟಯರನ್ನು ಸ್ಟೆಪ್ನಿಯಾಗಿಸಬಹುದು. ಅದಕ್ಕೂ ಮೊದಲು ತಯಾರಿಕೆಯ ದಿನಾಂಕ ನೋಡಬೇಕು. ಸೈಡ್‌ವಾಲಿನ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರ ಎಂದರ್ಥ. ಓಡಿಸದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಹತ್ತು ವರ್ಷದ ಸ್ಟೆಪ್ನಿಯ ಗೆರೆ ಎಷ್ಟೇ ಆಳವಿದ್ದರೂ ಅದನ್ನು ನಂಬಿ ಘಾಟಿ ಇಳಿಯಬಾರದು. ಉಬ್ಬಿದ ಟಯರನ್ನು 'ಇರಲಿ, ಕಷ್ಟಕಾಲಕ್ಕೆ' ಎಂದು ಸ್ಟೆಪ್ನಿಯಾಗಿ ಇಟ್ಟುಕೊಳ್ಳುವುದಂತೂ ಕೂಡದು. ಕಷ್ಟಕಾಲದಲ್ಲಿ, ಕತ್ತಲಲ್ಲಿ, ಮಳೆಯಲ್ಲಿ ಅದನ್ನೇ ಹಾಕಿಕೊಂಡು ಹೋಗುತ್ತೇವೆ. ಹೊಸ ಕಾರು ಕೊಳ್ಳುವವರಿಗೂ ಒಂದು ಮಾತು: 2020ರಲ್ಲಿ ನಿಯಮಗಳಿಗೆ ತಂದ ತಿದ್ದುಪಡಿಯ ನಂತರ ಟ್ಯೂಬ್‌ಲೆಸ್ ಟಯರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳನ್ನು ಸ್ಟೆಪ್ನಿಯಿಲ್ಲದೆ ಮಾರಬಹುದು. ಆ ಕಿಟ್ಟಿನ ಅಂಟುದ್ರವ ಮೊಳೆಯ ತೂತನ್ನು ಮುಚ್ಚುತ್ತದೆ, ಸೀಳಿದ ಸೈಡ್‌ವಾಲನ್ನಲ್ಲ. ಮೊಬೈಲ್ ಸಿಗ್ನಲ್ ಸಿಗದ ಕಾಡುದಾರಿಗಳಲ್ಲಿ ಓಡಾಡುವ ನಾವು ಶೋರೂಮಿನಲ್ಲಿ ಮೊದಲು ಡಿಕ್ಕಿ ತೆರೆಸಿ ನೋಡಬೇಕು.

2025ರ ಸೆಪ್ಟೆಂಬರ್ 22ರಿಂದ ಟಯರಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದು ಸ್ವಲ್ಪ ಸಮಾಧಾನ. ಆದರೂ ಕೂಲಿ, ಬಾಡಿಗೆ ಓಡಿಸಿ ಬದುಕುವವರಿಗೆ ಒಂದು ಟಯರಿನ ಬೆಲೆ ಹಗುರವಲ್ಲ ಎಂಬುದನ್ನು ಬಲ್ಲೆ. ಅವರು ಹುಡುಕಿಕೊಂಡು ಹೋಗುವುದು ಸೆಕೆಂಡ್ ಹ್ಯಾಂಡ್ ಟಯರನ್ನು. ನನ್ನ ಮುಖ್ಯ ಆತಂಕವಿರುವುದು ಇಲ್ಲಿಯೇ. ನಾವು ಉಬ್ಬಿದೆಯೆಂದು ಅಂಗಡಿಯಲ್ಲಿ ಬಿಟ್ಟುಬಂದ ಟಯರು ಗಾಳಿ ತೆಗೆದ ಕೂಡಲೇ ಸಪಾಟಾಗುತ್ತದೆ, ಉಬ್ಬಿದ ಕುರುಹೂ ಹೊರಗೆ ಉಳಿಯುವುದಿಲ್ಲ. ಅದರ ಗೆರೆ ಆಳವಿದ್ದರೆ ಕಪ್ಪು ಪಾಲಿಶ್ ಬಳಿಸಿಕೊಂಡು ಇನ್ನೊಬ್ಬರ ಪಿಕಪ್ಪಿಗೋ ಕೆಲಸಗಾರರನ್ನು ತೋಟಕ್ಕೆ ಕರೆತರುವ ಜೀಪಿಗೋ ಸೇರಲು ಅಡ್ಡಿಯೇನಿದೆ? ಆದ್ದರಿಂದ ಟಯರು ಬದಲಿಸುವವರು ಹಳೆಯದನ್ನು ಬಿಟ್ಟುಬರುವ ಮುನ್ನ ಅದರ ಸೈಡ್‌ವಾಲನ್ನು ತಮ್ಮ ಕಣ್ಣೆದುರೇ ಕತ್ತಿಯಿಂದ ಕೊಯ್ಯಿಸಬೇಕು. ಅಂಗಡಿಯವರು ಗುಜರಿ ಬೆಲೆ ಕಡಿಮೆಯಾಯಿತೆಂದು ಗೊಣಗಿದರೆ ಆ ವ್ಯತ್ಯಾಸವನ್ನು ಕೊಟ್ಟುಬಿಡುವುದು ಒಳ್ಳೆಯದು.

ಕೊನೆಯದಾಗಿ ಪ್ರಾದೇಶಿಕ ಸಾರಿಗೆ ಕಚೇರಿಯವರಲ್ಲಿ ಒಂದು ವಿನಂತಿ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಸಾವಿರಾರು ಜನ ಬರುತ್ತಾರೆ. ಅವರಲ್ಲಿ ಅನೇಕರು ಹಳದಿ ಬೋರ್ಡಿನ ಬಾಡಿಗೆ ವಾಹನಗಳಲ್ಲಿ, ಮಳೆಗಾಲವಿಡೀ ಇದೇ ಗುಂಡಿಗಳಲ್ಲಿ ಓಡಿದ ಟಯರುಗಳ ಮೇಲೆ ಬರುವವರು. ಅದಕ್ಕೆ ಮೊದಲೇ ಮಡಿಕೇರಿ, ವಿರಾಜಪೇಟೆ ಮತ್ತು ಕುಶಾಲನಗರದ ಟ್ಯಾಕ್ಸಿ ನಿಲ್ದಾಣಗಳಲ್ಲಿ ಒಂದೊಂದು ದಿನ ಟಯರು ತಪಾಸಣೆ ನಡೆಸಬೇಕು. ದಂಡ ಹಾಕುವ ಉದ್ದೇಶ ಬೇಡ. ಚಕ್ರಗಳನ್ನು ತಿರುಗಿಸಿ ಒಳಮೈಗೆ ಟಾರ್ಚ್ ಬಿಟ್ಟು, ಉಬ್ಬು ಕಂಡವರಿಗೆ ಬದಲಿಸಲು ಒಂದು ವಾರದ ಗಡುವು ಕೊಟ್ಟು, ಬದಲಿಸಿದ ರಸೀದಿ ತೋರಿಸಿದವರನ್ನು ಬಿಟ್ಟುಬಿಡಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಾಚಕ, ಸುಂಟಿಕೊಪ್ಪ